ಮೀನಿನ ಹೊಟ್ಟೆಯಲ್ಲಿ ನೀಲಿ ದಾರ

ಪಿಂಪ್ರಿಯ ಮೀನು ಮಾರುಕಟ್ಟೆಗೆ ಇಂದು ಬೆಳಿಗ್ಗೆ ಗರ್ಭಿಣಿ ತಂಗಿಯ ಜೊತೆ ಹೋಗಿದ್ದೆ. ಮೀನು ಮಾರುವ ಶಾಂತಕ್ಕ ವಿಜಯಪುರದ ಕಡೆಯವರು. ಅವರು ಸುರಮಾಯಿ ಮೀನಿನ ಹೊಟ್ಟೆ ಸೀಳಿದಾಗ ಕರುಳಿನ ಜೊತೆ ನೀಲಿ ನೈಲಾನ್ ದಾರದ ಗಂಟೊಂದು ಹೊರಬಂತು.

ತಂಗಿಯ ಮುಖ ಬಿಳಿಚಿತು. "ನಿನ್ನೆನೂ ಇದೇ ಮೀನು ತಿಂದೆನಲ್ಲ ಅಕ್ಕಾ. ಮಗುವಿಗೆ ಏನಾದ್ರೂ ಆದ್ರೆ?" ಎಂದು ನನ್ನ ಕೈ ಬಿಗಿಯಾಗಿ ಹಿಡಿದಳು.

"ಮೀನ ಹಿಡಿಯೋ ಹರಿದ ಬಲಿ ದಾರ ಅದ ರೀ ಇದು," ಎಂದರು ಶಾಂತಕ್ಕ. ಅವರ ಗಂಡ ರತ್ನಾಗಿರಿಯಲ್ಲಿ ಮೀನುದೋಣಿಯ ಮೇಲೆ ದುಡಿಯುತ್ತಾರೆ. ಶಾಂತಕ್ಕ ಅಲ್ಲೇ ನಿಂತು ಅವರಿಗೆ ಫೋನ್ ಹಚ್ಚಿದರು.

"ಇನ್ನ ಮ್ಯಾಲೆ ಹರಿದ ಬಲಿ ಸಮುದ್ರಕ್ಕ ಒಗೀಬ್ಯಾಡ್ರಿ, ದಂಡಿಗೆ ತರ್ರಿ. ದೋಣ್ಯಾಗ ಎಲ್ಲಾರಿಗೂ ಹೇಳ್ರಿ."

ಫೋನಿನ ಸ್ಪೀಕರಿನಲ್ಲಿ ಅಲೆಯ ಸದ್ದಿನ ನಡುವೆ ಗಂಡನ ದನಿ ಕೇಳಿತು.

"ತರ್ತೀವಿ," ಎಂದರು ಅವರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಇಷ್ಟ ವರ್ಷ ಒಗದದ್ದನ್ನ ಹ್ಯಾಂಗ ತರೋದು?"