ವೈನಿ ಹತ್ತಬಾರದ ಹಡಗು

ಎರಡು ಹಡಗುಗಳಲ್ಲಿ ಒಂದನ್ನು ಆರಿಸುವ ಕೆಲಸ ನನ್ನದಾಗಿತ್ತು, ನಾನು ಆರಿಸಿದ್ದು ನಮ್ಮ ವೈನಿ ಹತ್ತಲಾಗದ ಹಡಗನ್ನು. ಬೇಕೆಂದೇ ಆರಿಸಿದೆ. ಮೂರು ವರ್ಷದಿಂದ ಈ ಮಾತನ್ನು ನುಂಗಿಕೊಂಡು ಕೂತಿದ್ದೇನೆ, ಇನ್ನು ಆಗುವುದಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ತೆಲಂಗಾಣದ ಝರಾಸಂಗಂ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ. ಉಣ್ಣಿಸಿ, ಬೈದು, ಜಹೀರಾಬಾದಿನ ಶಾಲೆಗೆ ಅಟ್ಟಿದವಳು ಆಕೆ. ಅಣ್ಣ ತೀರಿಹೋದ ಮೇಲೂ ಮಗನ ಜೊತೆ ಕುರಿ ಸಾಕಿಕೊಂಡೇ ಇದ್ದಾಳೆ. ನಾನು ತಾಂಡೂರಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕಚೇರಿ ಕೆಲಸಕ್ಕೆ ಸೇರಿ ಅಲ್ಲಿಯೇ ಮನೆ ಮಾಡಿಕೊಂಡವನು.

ಆ ವರ್ಷ ನಮ್ಮ ಕಾಲೊನಿಯ ಮೂರು ಕುಟುಂಬಗಳು ಸೇರಿ ರಜೆಗೆ ಹಡಗಿನಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಯಾವ ಕಂಪನಿಯ ಹಡಗು ಎಂಬುದನ್ನು ವಿಚಾರಿಸುವ ಹೊಣೆ ನನ್ನ ಪಾಲಿಗೆ ಬಂತು. ಇಂಥದ್ದೆಂದರೆ ನನಗೆ ಹುಚ್ಚು. ಕಿಟಕಿ ಇರುವ ಕೋಣೆ ಯಾವುದು, ಸಸ್ಯಾಹಾರ ಬೇರೆ ಬೇಯಿಸುತ್ತಾರೋ ಇಲ್ಲವೋ, ಅಲೆ ಎದ್ದಾಗ ಯಾವ ಮಹಡಿ ಕಡಿಮೆ ಓಲಾಡುತ್ತದೆ — ಸಿಕ್ಕಸಿಕ್ಕವರನ್ನು ಪೀಡಿಸಿ ಕೇಳಿದೆ. ಕೊನೆಗೆ ಎರಡು ಉಳಿದವು. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವುದಕ್ಕೆ ಆಧಾರ್ ಕಾರ್ಡ್ ಸಾಕು. ಚೆನ್ನೈಯಿಂದ ಶ್ರೀಲಂಕಾಕ್ಕೆ ಹೋಗುವುದಕ್ಕೆ ಪಾಸ್‌ಪೋರ್ಟ್ ಬೇಕು. ಮುಂಬೈ ಹಡಗೇ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಅದನ್ನೇ ಹೇಳಬೇಕೆಂದಿದ್ದೆ.

ಅಷ್ಟರಲ್ಲಿ ನನ್ನ ಹೆಂಡತಿ ಸುನೀತಾ ಹಡಗಿನ ಸುದ್ದಿಯನ್ನು ವೈನಿಗೆ ಹೇಳಿಬಿಟ್ಟಳು. ವೈನಿ ಫೋನ್ ಮಾಡಿದಳು.

"ತಮ್ಮಾ, ನಾ ಸಿಂಗೂರು ಡ್ಯಾಮ್ ಬಿಟ್ಟರ ದೊಡ್ಡ ನೀರು ನೋಡಿಲ್ಲ. ನನಗೂ ಕರಕೊಂಡು ಹೋಗ್ತಿ ಏನು? ಒಂದು ಮೂಲ್ಯಾಗ ಕುಂದರ್ತೀನಿ."

"ನೋಡ್ತೀನ್ರಿ ವೈನಿ" ಎಂದೆ. ನಾನು ನೋಡಿದ್ದು ನನ್ನ ಮಾನವನ್ನು. ನಮ್ಮ ಗೃಹಪ್ರವೇಶಕ್ಕೆ ಬಂದಿದ್ದಾಗ, ಅರ್ಧ ಎಲೆ ಬಿಟ್ಟು ಎದ್ದ ನಮ್ಮ ಕಾರ್ಖಾನೆಯ ಮ್ಯಾನೇಜರ್ ಹೆಂಡತಿಗೆ ಆಕೆ, "ಉಣ್ಣಾಕ ಆಗಂಗಿಲ್ಲಂದ್ರ ಯಾಕ ಹಾಕಿಸ್ಕೊಂಡ್ರಿ?" ಎಂದು ಕೇಳಿದ್ದಳು. ಸಾಲದ್ದಕ್ಕೆ, "ನಮ್ಮ ತಮ್ಮ ಥಂಡಿ ದಿನದಾಗ ಕುರಿಮರಿ ತಬ್ಕೊಂಡು ಮಲಗತಿದ್ದ" ಎಂದು ಎಲ್ಲರೆದುರು ನನ್ನ ಬಾಲ್ಯವನ್ನು ಬಿಚ್ಚಿಟ್ಟಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಲೊನಿಯಲ್ಲಿ ನಾನು ಹೊಲಮನೆಯ ಮಾತಾಡುತ್ತಿದ್ದೆನೇ ಹೊರತು ಕುರಿಯ ಹೆಸರೆತ್ತಿರಲಿಲ್ಲ. ಹಡಗಿನ ಊಟದ ಮೇಜಿನಲ್ಲಿ ಅದೇ ನಗು ಮತ್ತೆ ಎದ್ದರೆ — ಅಲ್ಲಿಂದ ಹೊರಗೆ ಹೋಗಲು ಜಾಗವೂ ಇರುವುದಿಲ್ಲ. ಎಂಥ ನೀಚ ಯೋಚನೆ. ಆದರೆ ಯೋಚಿಸಿದ್ದು ಅದನ್ನೇ.

ಶ್ರೀಲಂಕಾ ಹಡಗೇ ಒಳ್ಳೆಯದೆಂದು ಎಲ್ಲರಿಗೂ ಹೇಳಿದೆ. ವೈನಿಗೆ ಪಾಸ್‌ಪೋರ್ಟ್ ಇಲ್ಲ, ಇಲ್ಲಿಗೆ ಮುಗಿಯಿತು ಎಂದುಕೊಂಡು ಊರಿಗೆ ಹೋಗಿ ಆಕೆಗೂ ತಿಳಿಸಿದೆ.

"ಅದಕ್ಕೇನಾತು, ನನ್ನ ಮಗ ಹೈದ್ರಾಬಾದಿಗಿ ಹೋಗಿ ಮಾಡಿಸಿಕೊಡ್ತಾನ. ಇನ್ನಾ ಟೈಮ್ ಅದ."

ಆಗ ಆ ಮಾತು ಬಂತು — ಯಾರೂ ನನ್ನ ಬಾಯಿಗೆ ಹಾಕಿದ್ದಲ್ಲ.

"ಹಂಗಲ್ರಿ ವೈನಿ. ಅರವತ್ತು ದಾಟಿದವರಿಗಿ ಹಡಗಿನಾಗ ಹತ್ತಿಸ್ಕೊಳ್ಳಂಗೇ ಇಲ್ಲ. ಯಾವ ಕಂಪನಿಯವರೂ ಇಲ್ಲ. ನಾ ಎಲ್ಲಾ ತಪಾಸ ಮಾಡೀನಿ."

"ಹೌದೇನು? ನೀ ನೋಡಿ ಬಂದಿ ಅಂದ್ರ ಆತು" ಎಂದಳು ವೈನಿ. ಮತ್ತೊಂದು ಮಾತು ಕೇಳಲಿಲ್ಲ.

ಕುರಿ ಸಾಕುವವರಲ್ಲಿ ಒಂದು ರೂಢಿಯಿದೆ. ಹಿಂಡು ಹೊರಡುವ ಮೊದಲು ಒಬ್ಬ ಮುಂದೆ ಹೋಗಿ ಮೇವು, ನೀರು ನೋಡಿ ಬರುತ್ತಾನೆ. ಅಣ್ಣ ಎಷ್ಟೋ ಸಲ ನಾರಾಯಣಖೇಡದ ಕಡೆಗೆ ಹಾಗೆ ಹೋಗಿ ಬಂದದ್ದುಂಟು. ನೋಡಿ ಬಂದವನು ಇದೆ ಎಂದರೆ ಹಿಂಡು ಏಳುತ್ತದೆ, ಇಲ್ಲ ಎಂದರೆ ನಿಲ್ಲುತ್ತದೆ. ಅವನನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಅವನು ಸುಳ್ಳು ಹೇಳಿದರೆ ಕುರಿ ಸಾಯುತ್ತವೆ, ಆದ್ದರಿಂದ ಹೇಳುವುದಿಲ್ಲ — ಅಷ್ಟೇ ನಂಬಿಕೆ. ವೈನಿ ನನ್ನನ್ನು ನಂಬಿದ್ದೂ ಹಾಗೆಯೇ. ಅದು ನನಗೆ ಗೊತ್ತಿತ್ತು.

ಹಡಗಿನಲ್ಲಿ ಮೊದಲ ದಿನವೇ ಕೋಲು ಹಿಡಿದ ಅಜ್ಜಿಯರು, ಗಾಲಿಕುರ್ಚಿಯ ಮುದುಕರು ಕಂಡರು. ಸುನೀತಾ ನನ್ನ ಕಡೆ ತಿರುಗಿ, "ವೈನಿಗಿ ಏನಂತ ಹೇಳಿ ಬಂದೀರಿ?" ಎಂದಳು. ಹೇಳಿದೆ. ಅವಳು ಮಕ್ಕಳ ಕೈ ಹಿಡಿದು ನನ್ನನ್ನು ಬಿಟ್ಟು ಮುಂದೆ ನಡೆದಳು. ಮುಂದಿನ ವರ್ಷ ವೈನಿಯನ್ನು ಮುಂಬೈ ಹಡಗಿಗೆ ಕರೆದುಕೊಂಡು ಹೋಗಿ ಸರಿ ಮಾಡುತ್ತೇನೆ ಎಂದುಕೊಂಡೆ. ಮುಂದಿನ ವರ್ಷವೂ ಹೋಯಿತು, ಅದರ ಮುಂದಿನದೂ. ಈಗ ವೈನಿಯ ಮೊಣಕಾಲು ಬಸ್ಸಿನ ಮೆಟ್ಟಿಲಿಗೂ ಏಳುವುದಿಲ್ಲ.

ಇಷ್ಟೇ ಆಗಿದ್ದರೂ ಬಹುಶಃ ನಾನು ಬಾಯಿ ಬಿಡುತ್ತಿರಲಿಲ್ಲ. ನಾನು ಅಂಥವನೇ.

ಹೋದ ವಾರ ವೈನಿಯ ಗೆಳತಿ ಮೊಗಲಮ್ಮ ತೀರಿಕೊಂಡಳು. ಮನೆಯವರನ್ನು ಮಾತಾಡಿಸಿ ಬರಲು ಊರಿಗೆ ಹೋದೆ. ಮೊಗಲಮ್ಮನ ಅಂಗಳದಲ್ಲಿ ಅವರಿಬ್ಬರೂ ಸೇರಿದ್ದ ಮಹಿಳಾ ಸಂಘದ ಹೆಣ್ಣುಮಕ್ಕಳು ಕೂತಿದ್ದರು. ಅವರಲ್ಲೊಬ್ಬಳು ನನ್ನನ್ನು ನೋಡಿ, "ಮುಂಬೈದಾಗ ಇರೋ ಮೊಗಲಮ್ಮನ ಮಗ ನಮಗೆಲ್ಲಾ ಅಲ್ಲಿಗಿ ಕರಿಸಿ ಹಡಗಿನಾಗ ಗೋವಾ ತೋರಿಸ್ತೀನಿ ಅಂದಿದ್ದನಪಾ. ನಮ್ಮ ವಯಸ್ಸಿನವರಿಗಿ ಹತ್ತಿಸ್ಕೊಳ್ಳಂಗಿಲ್ಲ ಅಂತ ನೀ ತಪಾಸ ಮಾಡೀದಿ ಅಂತ ನಿಮ್ಮ ವೈನಿ ಹೇಳಿದಳು, ಚೊಲೋ ಆತು. ಇಲ್ಲಂದ್ರ ಅಷ್ಟು ದೂರ ಹೋಗಿ ಹೊಳ್ಳಿ ಬರಬೇಕಾಗ್ತಿತ್ತು" ಎಂದಳು. ಮಗನಿಗೆ ಬೇಜಾರಾಗುತ್ತದೆಂದು ಮೊಗಲಮ್ಮ ಅವನಿಗೆ ಕಾರಣ ಹೇಳದೆ, ಬರೀ ಬೇಡ ಎಂದಳಂತೆ.

ಒಳಗೆ ಆ ಮಗ ತಲೆ ಬೋಳಿಸಿಕೊಂಡು ಕೂತಿದ್ದ.

"ಕಾಕಾ, ಅವ್ವಗ ಹಡಗಿನಾಗ ಕಳಸ್ತೀನಿ ಅಂದ್ರ ಬ್ಯಾಡ ಅಂದಳ್ರಿ. ಮತ್ತ ಮತ್ತ ಕೇಳೀನಿ. ನನ್ನ ಮ್ಯಾಲ ಏನು ಸಿಟ್ಟಿತ್ತೋ ಆಕೀಗಿ."

ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನಿಗೆ ನಿಜ ಹೇಳದೆ ಹೊರಗೆ ಬಂದೆ.

ಸೀದಾ ವೈನಿಯ ಮನೆಗೆ ನಡೆದೆ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಎಲ್ಲ ಹೇಳಿದೆ — ಹಡಗು, ವಯಸ್ಸು, ನನ್ನ ನಾಚಿಕೆ, ಯಾವುದನ್ನೂ ಬಿಡಲಿಲ್ಲ. ಆಕೆಯ ಕೈ ನಿಂತಿತು.

"ನನಗ ನಾಚಿದಿ, ಆತು. ಅದು ನಿಂದು ನಂದು. ಮೊಗಲಮ್ಮಗ ನನ್ನ ಬಾಯಿಲೆ ಯಾಕ ಇಲ್ಲ ಅನಿಸಿದಿ?"

ಎದ್ದು ಬಂದೆ. ಉಂಡು ಹೋಗು ಎನ್ನದೆ ವೈನಿ ನನ್ನನ್ನು ಕಳಿಸಿದ್ದು ಅದೇ ಮೊದಲು.

ಭಾನುವಾರ ಮೊಗಲಮ್ಮನ ದಿನಕರ್ಮ. ಸಂಘದವರೆಲ್ಲ ಇರುತ್ತಾರೆ, ವೈನಿಯೂ ಇರುತ್ತಾಳೆ. ಕ್ಷಮಿಸಿ ಎಂದು ಕೇಳಲು ಹೋಗುತ್ತಿಲ್ಲ, ಆ ಮುಖ ನನಗೆ ಉಳಿದಿಲ್ಲ. ಆ ಹುಡುಗನನ್ನು ಎಲ್ಲರ ನಡುವೆ ಕೂಡಿಸಿಕೊಂಡು ಒಂದೇ ಮಾತು ಹೇಳಬೇಕು: ನಿನ್ನ ಅವ್ವಗೆ ಬರಬೇಕೆಂದಿತ್ತು, ಬೇಡ ಅಂದದ್ದು ನಾನು.