ಅಪ್ಪನ ಪಾಲಿನ ನೀರು

ಮೊದಲು ಅಪ್ಪನ ಚಪ್ಪಲಿ ಕಾಲಿಗೆ ಹಿಡಿಸದಾದವು. ಪಾದ ಊದಿತ್ತು. ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು.

“ಬಿಸಲಿಗೆ ಹಂಗಾಗೇತಿ, ಬಿಡವಾ” ಎಂದ. ಕುರೆಕುಪ್ಪದ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ಅರ್ಧ ಆಯುಷ್ಯ ಕಳೆದವನು ತಪ್ಪನ್ನು ಬಿಸಿಲಿನ ಮೇಲೆ ಹಾಕುತ್ತಿದ್ದಾನಲ್ಲ ಎಂದು ನನಗಾಗ ಹೊಳೆಯಲಿಲ್ಲ.

ಹೊಸಪೇಟೆಯ ಡಾಕ್ಟರು ರಕ್ತಪರೀಕ್ಷೆಯ ಕ್ರಿಯಾಟಿನಿನ್ ರಿಪೋರ್ಟ್ ನೋಡಿದರು. ಅಪ್ಪನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು.

ಎರಡೂ ಕಿಡ್ನಿ ಹೋಗಿದ್ದವು.

ಡಯಾಲಿಸಿಸ್ ಶುರುವಾಯಿತು. ದಿನ ಬಿಟ್ಟು ದಿನ ಆಸ್ಪತ್ರೆ. ಸೂಜಿ ಹಾಕಲು ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಅಲ್ಲಿ ಚರ್ಮದ ಕೆಳಗೆ ರಕ್ತ ಗುಂಯ್ ಎನ್ನುತ್ತಿತ್ತು. ಅವ್ವ ಆ ಕೈ ಮುಟ್ಟಲು ಹೆದರಿದಳು. ಅಪ್ಪನಿಗೆ ಸೂಜಿಯೂ ಕಷ್ಟವಾಗಲಿಲ್ಲ, ಉಪ್ಪಿಲ್ಲದ ಸಾರೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ನೀರು. ಮೂತ್ರ ನಿಂತುಹೋಗಿತ್ತು. ಕುಡಿದದ್ದೆಲ್ಲ ಮೈಯಲ್ಲೇ ಉಳಿದು ಶ್ವಾಸಕೋಶಕ್ಕೆ ಏರುತ್ತಿತ್ತು. ನೀರು, ಚಹಾ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಎಂದು ಡಾಕ್ಟರು ಗೆರೆ ಎಳೆದರು. ಅದು ನಮ್ಮ ಕಡೆಯ ಬೇಸಿಗೆ. ಬೆಳಿಗ್ಗೆಯೇ ಗೋಡೆ ಕಾದಿರುತ್ತಿತ್ತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಪ್ಪನಿಗೂ ಪಾಠ ಮಾಡಿದೆ. ಕಿಡ್ನಿಯ ಚಿತ್ರ ಬರೆದು ತೋರಿಸಿದೆ. ಅಪ್ಪ ತಲೆಯಾಡಿಸಿ ಕೇಳಿದ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿಗೆ ಬಾಯಿಟ್ಟು ಕುಡಿದ. ನಾನು ಕೊಡ ಎತ್ತಿಟ್ಟೆ, ಫ್ರಿಜ್ಜಿಗೆ ಬೀಗ ಹಾಕಿದೆ, ಅಳತೆಯ ಲೋಟದಲ್ಲಿ ಹೊತ್ತುಹೊತ್ತಿಗೆ ನಾನೇ ಸುರಿದು ಕೊಡತೊಡಗಿದೆ. ನಾನು ಕಾಲೇಜಿಗೆ ಹೋದ ಮೇಲೆ ಅವ್ವ ಸೆರಗಿನ ಮರೆಯಲ್ಲಿ ಚೆಂಬು ತಂದುಕೊಡುತ್ತಿದ್ದಳು. ಇದು ತಿಳಿದು ನಾನು ಕೂಗಾಡಿದೆ. ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ಕಳ್ಳರಾದೆವು.

ಒಂದು ಮಧ್ಯಾಹ್ನ ಅವ್ವನ ಫೋನು ಬಂತು. ಓಡಿಬಂದು ನೋಡಿದರೆ ಅಪ್ಪ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಬಾಯಲ್ಲಿ ಗುಲಾಬಿ ಬಣ್ಣದ ನೊರೆ.

ತನ್ನ ಒಳಗಿನ ನೀರಿನಲ್ಲೇ ಮುಳುಗುತ್ತಿದ್ದ.

ಐಸಿಯುನಲ್ಲಿ ಜೀವ ಉಳಿಯಿತು. ಡಾಕ್ಟರು ಬೈದರು. “ಇನ್ನೊಂದ್ಸಲ ಹಿಂಗಾದ್ರ ನನ್ನ ಕೈಯಾಗಿಲ್ಲ ನೋಡ್ರಿ.” ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ವಾರ್ಡಿಗೆ ಬಂದ ಮೇಲೆ ಡಯಾಲಿಸಿಸ್ ಯೂನಿಟ್ಟಿನ ಕೌನ್ಸೆಲರ್ ನಸೀಮಾ ಬಂದಳು. ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಇವಳೂ ಬುದ್ಧಿ ಹೇಳುತ್ತಾಳೆ ಎಂದುಕೊಂಡೆ. ಅವಳು ಸ್ಟೂಲ್ ಎಳೆದು ಕೂತು ಕೇಳಿದಳು, “ಮಾರೆಪ್ಪಾರ, ನೀರಿನ ಸುದ್ದಿ ಮಾತಾಡೂಣೇನ್ರಿ? ಬ್ಯಾಡಂದ್ರ ಬ್ಯಾಡ.”

ಅಪ್ಪನ ಅಪ್ಪಣೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. “ಮಾತಾಡ್ರಿ” ಎಂದ.

“ನೀರು ಕುಡದ್ರ ನಿಮಗ ಏನನಸ್ತೈತ್ರಿ?”

ಎಂಥ ಪ್ರಶ್ನೆ ಎಂದು ನನಗೆ ಸಿಟ್ಟು ಬಂತು. ಅಪ್ಪ ದಿಂಬಿಗೆ ಒರಗಿದ್ದವನು ನೆಟ್ಟಗೆ ಕೂತ.

“ಬುಕ್ಕಸಾಗರದಾಗ ನಾ ಸಣ್ಣಾವಿದ್ದಾಗ ಗೌಡ್ರ ಗದ್ದ್ಯಾಗ ದುಡೀತಿದ್ದೆ” ಎಂದ. “ನೀರು ಕೇಳಿದ್ರ ಮ್ಯಾಲಿಂದ ಸುರೀತಿದ್ರು. ಬೊಗಸಿ ಒಡ್ಡಬೇಕು. ಅವರು ಸಾಕು ಅಂದಾಗ ಸಾಕು. ಹೊಳಿ ಕಣ್ಣಮುಂದ ಹರೀತಿತ್ರಿ. ಮುಂದ ಸ್ವಂತ ಮನಿ ಕಟ್ಟಿ ನಲ್ಲಿ ಹಾಕಿಸಿದ ದಿನ ಬಾಯಿ ಹಚ್ಚಿ ಹೊಟ್ಟಿ ಬಿರಿಯಂಗ ಕುಡದೆ. ನಮ್ಮನಿಗೆ ಯಾರ ಬರ್ಲಿ, ಮೊದಲು ಚೆಂಬು ಕೈಯಾಗ ಕೊಡ್ತೀವಿ.” ಉಸಿರು ತೆಗೆದುಕೊಂಡ. “ಈಗ ನನ್ನ ಮಗಳು ಅಳತಿ ಮಾಡಿ ಸುರೀತಾಳ್ರಿ.”

ನಾನು ಅಲ್ಲೇ ನಿಂತಿದ್ದೆ.

“ನೀರು ಅಂದ್ರ ನಿಮಗ ಮರ್ಯಾದಿ” ಎಂದಳು ನಸೀಮಾ. ಅಪ್ಪನ ಕಣ್ಣು ತುಂಬಿದವು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಹಾಕಿ, ನನಗೆ ಸುಜಾತ ಎಂದು ಹೆಸರಿಟ್ಟು, ಓದಿಸಿದವನು. ಇಷ್ಟು ವರ್ಷದಲ್ಲಿ ಬೊಗಸೆಯ ಮಾತನ್ನು ನನಗೆ ಹೇಳಿರಲಿಲ್ಲ.

ನಸೀಮಾ ಮತ್ತೆ ಕೇಳಿದಳು, “ನೀರು ಕಡಿಮಿ ಮಾಡೂದು ನಿಮಗ ಎಷ್ಟು ಮುಖ್ಯರಿ? ಸೊನ್ನಿಯಿಂದ ಹತ್ತರೊಳಗ ಹೇಳ್ರಿ.”

“ಮೂರು.”

“ಮೂರಾ? ಸೊನ್ನಿ ಯಾಕ ಅನ್ಲಿಲ್ಲ?”

ಅಪ್ಪ ತಬ್ಬಿಬ್ಬಾದ. ಯಾಕೆ ಮೂರೇ ಎಂದು ಬೈಯುತ್ತಾಳೆ ಅಂದುಕೊಂಡಿದ್ದನೇನೋ. “ಮಲಗಿದ್ರ ಉಸ್ರು ಸಿಗಂಗಿಲ್ರಿ. ಕುಂತ ನಿದ್ದಿ ಮಾಡ್ತೀನಿ. ಒಂದ್ಸಲ ಉದ್ದಕ ಕಾಲು ಚಾಚಿ ಮಲಗಬೇಕು ಅನಸ್ತೈತಿ.” ಆಮೇಲೆ ತಾನಾಗಿಯೇ ಎಂದ, “ನೀರು ನಾನ ತಗೋತೀನಿ. ಬಾಟ್ಲಿ ನನ್ನ ಕೈಯಾಗ ಇರ್ಲಿ. ಯಾರೂ ಕೇಳಬಾರ್ದು.”

ಹೊರಗೆ ಬಂದು, ಇದು ಎಂಥ ರೀತಿ ಎಂದು ನಸೀಮಾಳನ್ನು ಕೇಳಿದೆ. “ಇದಕ್ಕ ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಅಂತಾರ್ರಿ ಮೇಡಂ. ಬದಲಾಗಾಕ ಕಾರಣ ನಾವು ಹೇಳಬಾರ್ದು, ಅವರ ಬಾಯಿಂದ ಬರಬೇಕು. ನಾವು ಬಿಡು ಅಂದಷ್ಟೂ ಅವರು ಬಿಡಂಗಿಲ್ಲ ಅಂತಾರ.” ಹೋಗುವಾಗ ಇಷ್ಟು ಸೇರಿಸಿದಳು, “ಹಿಂಗ ಕೇಳಿದ್ರ ಎಲ್ಲಾ ಸರಿಹೋಗ್ತದ ಅಂತಲ್ರಿ.”

ಎಲ್ಲವೂ ಸರಿಹೋಗಲಿಲ್ಲ. ಫ್ರಿಜ್ಜಿನ ಬೀಗ ತೆಗೆದೆ. ಅಪ್ಪ ಬೆಳಿಗ್ಗೆ ಬಾಟಲಿ ತುಂಬಿಸಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ. ನಸೀಮಾಳನ್ನು ತಾನೇ ಕೇಳಿ ತಿಳಿದುಕೊಂಡು, ಬಾಯಿ ಒಣಗಿದಾಗ ಐಸ್ ಚೂರು ಚೀಪುತ್ತಿದ್ದ. ಕೆಲವು ವಾರ ಮೈಯಲ್ಲಿ ನೀರು ಸೇರದೆ ತೂಕ ಹಿಡಿತದಲ್ಲಿತ್ತು, ಕಾಲು ಚಾಚಿ ಮಲಗಿದ. ಆಮೇಲೆ ಕಂಪ್ಲಿಯಲ್ಲಿ ಸಂಬಂಧಿಕರ ಮದುವೆಗೆ ಹೋಗಿ ಮನಸಾರೆ ಕುಡಿದು ಬಂದ, ಮತ್ತೆ ಆಕ್ಸಿಜನ್ ಹಾಕಿದರು. ಬೈಯದೆ ಇರಲು ನಾನು ತುಟಿ ಕಚ್ಚಿಕೊಂಡೆ. ಮಳೆಗಾಲದಲ್ಲಿ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿತು. ಕೈಯ ಸದ್ದು ನಿಂತಿತು. ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಕ್ಯಾಥೆಟರ್ ಕೊಳವೆ ಹಾಕಿದರು. ಜ್ವರ ಬಂತು. ಅಪ್ಪ ಅರ್ಧದಷ್ಟಾದ.

ಕಳೆದ ತಿಂಗಳು ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡಬೇಕು. ಆಟೋ ಬಂದು ನಿಂತಿತ್ತು. ಅಪ್ಪ ಕಟ್ಟೆಯಿಂದ ಏಳಲಿಲ್ಲ.

“ಇವತ್ತು ಬ್ಯಾಡ, ಸುಜಾತಾ. ಇನ್ನ ಬ್ಯಾಡ.”

ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂತು. ನುಂಗಿದೆ. ಆಟೋದವನಿಗೆ ನಿಲ್ಲಲು ಸನ್ನೆ ಮಾಡಿ ಅಪ್ಪನ ಪಕ್ಕ ಕೂತೆ.

“ಸಾಕಾಗೇತಿ ನಿನಗ.”

“ನೋವಿಗಲ್ಲವಾ” ಎಂದ. “ಬಾಜೂಕಿನ ಬೆಡ್ಡಿನಾಂವ ಹ್ವಾದವಾರ ಬರ್ಲಿಲ್ಲ. ಯಾರೂ ಏನೂ ಅನ್ಲಿಲ್ಲ. ಆ ಬೆಡ್ಡಿಗೆ ಬ್ಯಾರೇದವರನ್ನ ಹಾಕ್ಯಾರ. ನಾ ಹೋಗಲಿಲ್ಲಂದ್ರ ಏನಾಗ್ತದಂತ ನನಗ ಗೊತ್ತೈತಿ.”

“ಗೊತ್ತೈತಿ” ಎಂದೆ.

“ನೀ ಏನಂತಿ?”

“ನನಗ ನೀ ಬೇಕಪ್ಪಾ. ಆದ್ರ ಮೈ ನಿಂದು.”

ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಪ್ಪ ಬೀದಿಯನ್ನು ನೋಡುತ್ತಾ ಕೂತ. ಕಡೆಗೆ ನನ್ನ ಭುಜದ ಮೇಲೆ ಕೈಯೂರಿ ಎದ್ದ.

“ಇವತ್ತೊಂದಿನ ಹೋಗಾಣ. ಮುಂದ ಮತ್ತ ಕೇಳು.”

ಈಗ ಪ್ರತಿ ಸಲ ಕೇಳುತ್ತೇನೆ. ಸುಮ್ಮನೆ ಬಾಯಿಮಾತಿಗಲ್ಲ, ಎದುರು ಕೂತು ಕೇಳುತ್ತೇನೆ. ಒಲ್ಲೆ ಎನ್ನುವ ದಿನ ಬಂದೇ ಬರುತ್ತದೆ. ಆ ದಿನ ಅವನ ಮಾತಿಗೆ ನಾನು ತಲೆಬಾಗಬಲ್ಲೆನೋ ಇಲ್ಲವೋ ತಿಳಿಯದು.

ಇವತ್ತು ಬೆಳಿಗ್ಗೆ ಕೇಳಿದೆ. “ನಡಿ” ಎಂದ.