ಬಸ್ಸಿನಲ್ಲಿ ಚಾಕು ತೆಗೆದ ದಿನ

ಮೊನ್ನೆ ಬಂಗಾರಪೇಟೆ ಬಸ್ಸಿನಲ್ಲಿ ನಾನು ಚಾಕು ತೆಗೆದೆ. ಅಕ್ಕಪಕ್ಕದ ಸೀಟುಗಳೆಲ್ಲ ಖಾಲಿ! (ಗಾಬರಿ ಬೇಡ. ಈ ಅಂಕಣ ಬರೆಯುತ್ತಿರುವುದು ಮನೆಯಿಂದಲೇ, ಜೈಲಿನಿಂದಲ್ಲ.)

ನನಗೆ ಎರಡು ಚಟ. ಒಂದು, ಕ್ರೊನೊಗ್ರಾಫ್ ವಾಚು. ದೊಡ್ಡ ಮುಖದೊಳಗೆ ಪುಟ್ಟ ಪುಟ್ಟ ಮುಖ, ಪಕ್ಕದಲ್ಲಿ ಸ್ಟಾಪ್‌ವಾಚ್ ಗುಂಡಿ. ಅದರಲ್ಲಿ ಏನು ಅಳೆಯುತ್ತೀರಿ ಅಂತೀರಾ? ಕುಕ್ಕರ್ ಕೂಗುವುದಕ್ಕೆ ಎಷ್ಟು ಹೊತ್ತಾಯಿತು ಅಂತ. ಇನ್ನೊಂದು, ಮಡಚುವ ಚಾಕು. ನನ್ನ ಸಂಗ್ರಹದ ಒಂದು ಚಾಕೂ ಇದುವರೆಗೆ ನಿಂಬೆಹಣ್ಣು ಕೊಯ್ದಿಲ್ಲ. ಕೊಯ್ದರೆ ಗೆರೆ ಬೀಳುತ್ತದೆ. ಗೆರೆ ಬಿದ್ದರೆ ಚಾಕು ಕಲೆಕ್ಟರುಗಳ ನಡುವೆ ಮಾನ ಹೋಯಿತು!

ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿ ಕಾಲೊನಿಯಲ್ಲಿ ಸೆಲ್ವರಾಜ್ ಅಂತ ನನ್ನಂಥದೇ ಹುಚ್ಚಿನವರೊಬ್ಬರಿದ್ದಾರೆ. ವಾಚು ಕೊಡುತ್ತೇನೆ ಅಂದಿದ್ದರು. ಹೋಗಿ ನೋಡಿದರೆ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನನ್ನ ಸಪ್ಪೆ ಮುಖ ನೋಡಿ ಒಳಗಿನಿಂದ ಕೊಂಬಿನ ಹಿಡಿಯ ಚಾಕು ತಂದರು.

"ಪಾರುಂಗ ಸಾರ್, ನೋಡಿ, ಒಂದು ಗೆರೆ ಇಲ್ಲ. ನಾನೇ ಬಿಚ್ಚಿ ನೋಡೋದು ಅಪರೂಪ."

ಇನ್ನೇನು ಬೇಕು? ಕೊಂಡೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕಾಮಸಮುದ್ರದ ಅಜ್ಜಿಯೊಬ್ಬರು ಬಂದು ಕೂತರು. ಜೊತೆಗೊಂದು ಮೇಕೆ. ಅದರ ಹಗ್ಗವನ್ನು ಸೀಟಿನ ಕಾಲಿಗೆ ಬಿಗಿದಿದ್ದರು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬೆದರಿದ ಮೇಕೆ ಮುಂದಿನ ಸೀಟಿನ ಬೆನ್ನು ಹಾರಿತು. ಹಗ್ಗ ಸಾಲಲಿಲ್ಲ. ಮೇಕೆ ನೇತಾಡತೊಡಗಿತು, ನಾಲಿಗೆ ಹೊರಬಂತು.

"ಅಯ್ಯಯ್ಯೋ, ನನ್ ಮೇಕೆ ಸಾಯ್ತದೆ! ಯಾರಾನಾ ಅಗ್ಗ ಕೊಯ್ರಪ್ಪಾ!" ಅಜ್ಜಿ ಕೂಗಿದರು.

"ಯಾರತ್ರಾನಾ ಚಾಕು ಐತಾ?" ಕಂಡಕ್ಟರ್ ಕೇಳಿದ.

ನನ್ನ ಹತ್ತಿರ ಇದೆ. ಗೆರೆಯಿಲ್ಲದ್ದು! ನಿಜ ಹೇಳಲೇ? ಕೈ ಬ್ಯಾಗಿನೊಳಗೆ ಹೋಗಿ ನಿಂತುಬಿಟ್ಟಿತು. ಮೇಕೆಯ ಕಣ್ಣು ಮೇಲಾಗುತ್ತಿತ್ತು. ಹಾಳಾಗಿ ಹೋಗಲಿ ಅಂತ ಚಾಕು ಬಿಚ್ಚಿ ಒಂದೇ ಏಟಿಗೆ ಕೊಯ್ದೆ. ಹಗ್ಗ ಹರಿಯಿತು. ಅಲಗು ಹೋಗಿ ಸೀಟಿನ ಕಂಬಿಗೆ ಕರ್ರ್ ಅಂತ ಉಜ್ಜಿತು. ಅದು ನನ್ನ ಕರುಳಿನ ಸದ್ದು.

ಮೇಕೆ ದೊಪ್ಪನೆ ಬಿತ್ತು, ಕೆಮ್ಮಿತು, ಎದ್ದು ಯಾರದೋ ಚೀಲದ ಕೊತ್ತಂಬರಿ ಸೊಪ್ಪಿಗೆ ಬಾಯಿ ಹಾಕಿತು.

ನಾನು ಚಪ್ಪಾಳೆಗೆ ಕಾದೆ.

"ಈವಯ್ಯ ಚಾಕು ಮಡಿಕ್ಕೊಂಡೇ ಓಡಾಡ್ತಾನೆ ಕಣ್ಲಾ, ಇಂದಕ್ಕೆ ಬಾ," ಅಂತ ಒಬ್ಬ ತನ್ನ ಗೆಳೆಯನನ್ನು ಎಳೆದುಕೊಂಡ.

ಅಜ್ಜಿ ಮೇಕೆಯ ಕತ್ತು ಸವರಿ, ತುಂಡಾದ ಹಗ್ಗ ಹಿಡಿದು ನನ್ನ ಕಡೆ ತಿರುಗಿದರು. "ಒಸಾ ಅಗ್ಗ ಕಣಪ್ಪಾ. ಗಂಟಿನತ್ರ ಕೊಯ್ಯಕ್ಕಾಗ್ಲಿಲ್ವಾ ನಿಂಗೆ?"

ಬೈಯುತ್ತಲೇ ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಸುರಿದರು.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಉದ್ದಕ್ಕೂ ಗೆರೆ. ಹೆಂಡತಿಗೆ ಎಲ್ಲ ಹೇಳಿದೆ.

"ಹಾಗಾದ್ರೆ ಇದನ್ನಿನ್ನು ಮುಟ್ಟಬಹುದಾ?" ಅಂದಳು. ಸಮಾಧಾನ ಮಾಡುತ್ತಾಳೆ ಅಂದುಕೊಂಡು ತಲೆಯಾಡಿಸಿದೆ. ಚಾಕು ನೇರ ಅಡುಗೆಮನೆಗೆ ಹೋಯಿತು. ಆವತ್ತಿನಿಂದ ಈರುಳ್ಳಿ ಹೆಚ್ಚುತ್ತಿದೆ, ಅದ್ಭುತವಾಗಿ.

ನಿನ್ನೆ ಊಟ ಬಡಿಸುತ್ತಾ ಹೇಳಿದಳು: "ನಾಳೆ ಹಲಸಿನಹಣ್ಣು ತರಿಸ್ತೀನಿ. ಅಷ್ಟರೊಳಗೆ ದೊಡ್ಡದೊಂದು ಚಾಕು ಹಿಡ್ಕೊಂಡು ಬಸ್ಸಲ್ಲಿ ಒಂದು ರೌಂಡ್ ಹೋಗ್ಬನ್ನಿ."